ಮುದಿ ಯುದ್ಧಕುದುರೆಗಳನ್ನು ಹುಡುಕಿ ಹೊರಟ ಡೊರೊಥಿ ಬ್ರೂಕ್

ಮಕ್ಕಳೇ, ಕುದುರೆಯ ಚಿತ್ರ ಬಿಡಿಸಿ ಎಂದರೆ ನೀವು ಹೇಗೆ ಬಿಡಿಸುತ್ತೀರಿ? ಎತ್ತಿದ ಕತ್ತು, ಗಾಳಿಗೆ ಹಾರುವ ಜೂಲು, ನೆಗೆಯುತ್ತಿರುವ ಮುಂಗಾಲು, ಬೆನ್ನ ಮೇಲೆ ಕತ್ತಿ ಹಿಡಿದ ರಾಜ ಅಥವಾ ರಾಣಿ. ಅಲ್ಲವೇ? ನಾನು ಶಾಲೆಗಳಿಗೆ ಭೇಟಿ ಕೊಟ್ಟಾಗಲೂ ಗೋಡೆಯ ಮೇಲೆ ಇಂಥ ಚಿತ್ರಗಳನ್ನೇ ಕಾಣುತ್ತೇನೆ. ಯುದ್ಧ ಮುಗಿದ ಮೇಲೆ ರಾಜನಿಗೆ ಏನಾಯಿತು ಎಂದು ಇತಿಹಾಸದ ಪಾಠ ಹೇಳುತ್ತದೆ. ಕುದುರೆಗೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಿದ, ಕೇಳಿ ಸುಮ್ಮನೆ ಕೂರದ ಒಬ್ಬ ಮಹಿಳೆಯ ಪರಿಚಯ ಇಲ್ಲಿದೆ. ಆಕೆಯ ಹೆಸರು ಡೊರೊಥಿ ಬ್ರೂಕ್.

ಮರುಭೂಮಿಯಲ್ಲಿ ಬಿಟ್ಟುಬಂದ ಕುದುರೆಗಳು

ಮೊದಲನೆಯ ಮಹಾಯುದ್ಧ 1914ರಿಂದ 1918ರವರೆಗೆ ನಡೆಯಿತು. ಅದರ ಒಂದು ರಣರಂಗ ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್. ಅಲ್ಲಿ ಮರಳು ಹೆಚ್ಚು, ರಸ್ತೆ ಕಡಿಮೆ, ನೀರು ಇನ್ನೂ ಕಡಿಮೆ. ಆಗಿನ ಮೋಟಾರು ವಾಹನಗಳು ಮರಳಿನಲ್ಲಿ ಹೂತುಹೋಗುತ್ತಿದ್ದವು. ಆದ್ದರಿಂದ ಬ್ರಿಟಿಷ್ ಸೈನ್ಯ ಕುದುರೆ, ಹೇಸರಗತ್ತೆ, ಒಂಟೆಗಳನ್ನೇ ನಂಬಿತ್ತು. ಬ್ರಿಟನ್ನಿನಿಂದ, ಆಸ್ಟ್ರೇಲಿಯಾದಿಂದ ಹಡಗುಗಳಲ್ಲಿ ಸಾವಿರಾರು ಕುದುರೆಗಳು ಬಂದಿಳಿದವು. ಈ ರಣರಂಗಕ್ಕೂ ನಮಗೂ ಒಂದು ನಂಟು ಇದೆ. ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಅಲ್ಲಿ ಹೋರಾಡಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಜೋಧಪುರದ ಸವಾರರ ಜೊತೆ ನಮ್ಮ ಮೈಸೂರಿನ ಸವಾರರೂ ಇದ್ದರು. ಆ ಯುದ್ಧದಲ್ಲಿ ಮಡಿದ ಮೈಸೂರು ಸವಾರರ ಸ್ಮಾರಕವೊಂದು ಬೆಂಗಳೂರಿನಲ್ಲಿದೆ.

ಯುದ್ಧ ಮುಗಿಯಿತು. ಸೈನಿಕರು ಊರಿಗೆ ಹೊರಟರು. ಆದರೆ ಕುದುರೆಗಳನ್ನು ಮರಳಿ ಒಯ್ಯಲು ಹಡಗಿನ ಖರ್ಚು ವಿಪರೀತ. ಪರದೇಶದ ರೋಗಗಳು ಕುದುರೆಗಳ ಜೊತೆ ತಮ್ಮ ದೇಶಕ್ಕೆ ಬಂದುಬಿಟ್ಟರೆ ಎಂಬ ಭಯವೂ ಇತ್ತು. ವಯಸ್ಸಾದ ಕುದುರೆಗಳನ್ನು ಗುಂಡಿಟ್ಟು ಕೊಂದರು. ಕೆಲವು ಸಾವಿರವನ್ನು ಭಾರತದ ಸೈನ್ಯಕ್ಕೆ ಕೊಟ್ಟರು. ಉಳಿದ ಸುಮಾರು 20,000 ಕುದುರೆಗಳನ್ನು ಈಜಿಪ್ಟಿನ ಸುತ್ತಮುತ್ತ ಮಾರಿಬಿಟ್ಟರು. ಆ ಯುದ್ಧಕ್ಕಾಗಿ ಆಸ್ಟ್ರೇಲಿಯಾದಿಂದ 1 ಲಕ್ಷಕ್ಕೂ ಹೆಚ್ಚು ಕುದುರೆಗಳು ಹೊರದೇಶಗಳಿಗೆ ಹೋಗಿದ್ದವು. ಅವುಗಳಲ್ಲಿ ತಾಯ್ನಾಡಿಗೆ ಮರಳಿದ್ದು ಎಷ್ಟು ಗೊತ್ತೇ? ಒಂದೇ ಒಂದು. ಅದರ ಹೆಸರು ಸ್ಯಾಂಡಿ.

ಮಾರಾಟವಾದ ಕುದುರೆಗಳು ಬಾಡಿಗೆ ಗಾಡಿಗಳಿಗೆ, ಸರಕಿನ ಗಾಡಿಗಳಿಗೆ, ಕಲ್ಲು ಗಣಿಗಳಿಗೆ ಹೋದವು. ಮೈಸೂರಿನ ಜಟಕಾ ನೋಡಿದವರಿಗೆ ಗಾಡಿ ಎಳೆಯುವ ಕುದುರೆಯ ಪರಿಚಯ ಇರುತ್ತದೆ. ಕೈರೋ ನಗರದ ಬಿಸಿಲಿನಲ್ಲಿ, ಕಲ್ಲು ತುಂಬಿದ ಗಾಡಿಯ ಮುಂದೆ, ವರ್ಷಾನುಗಟ್ಟಲೆ ಅಂಥ ಕೆಲಸ ಮಾಡುವುದನ್ನು ಊಹಿಸಿಕೊಳ್ಳಿ. ಈ ಕುದುರೆಗಳನ್ನು ಕೊಂಡವರು ಕೆಟ್ಟವರೇನಲ್ಲ. ಬಹುಪಾಲು ಕಡು ಬಡವರು. ಕುದುರೆ ದುಡಿದ ದಿನ ಮನೆಯಲ್ಲಿ ರೊಟ್ಟಿ, ಇಲ್ಲದಿದ್ದರೆ ಇಲ್ಲ. ಕುದುರೆಗೆ ಜ್ವರ ಬಂದರೂ, ಕಾಲು ಕುಂಟಿದರೂ ಒಂದು ದಿನ ಮನೆಯಲ್ಲಿ ಕಟ್ಟಿಹಾಕುವ ಶಕ್ತಿ ಅವರಿಗಿರಲಿಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೈರೋಗೆ ಬಂದ ಡೊರೊಥಿ

ಡೊರೊಥಿ ಹುಟ್ಟಿದ್ದು 1883ರಲ್ಲಿ, ಬ್ರಿಟನ್ನಿನ ಅನುಕೂಲಸ್ಥ ಕುಟುಂಬವೊಂದರಲ್ಲಿ. ಅವರ ಬಾಲ್ಯ ಮತ್ತು ಯೌವನದ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. 1926ರಲ್ಲಿ ಅವರು ಜೆಫ್ರಿ ಬ್ರೂಕ್ ಎಂಬ ಸೇನಾಧಿಕಾರಿಯನ್ನು ಮದುವೆಯಾದರು. ಜೆಫ್ರಿ ಅಶ್ವದಳದವರು, ಕುದುರೆ ಸವಾರಿಯಲ್ಲಿ ಪರಿಣಿತರು. 1930ರಲ್ಲಿ ಅವರಿಗೆ ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಅಶ್ವದಳದ ಹೊಣೆ ಬಂದಾಗ ಡೊರೊಥಿಯೂ ಕೈರೋಗೆ ಬಂದರು. ಆಗ ಅವರ ವಯಸ್ಸು 47.

ಯುದ್ಧದ ಕುದುರೆಗಳನ್ನು ಮಾರಿದ ಸಂಗತಿ ಅವರಿಗೆ ಗೊತ್ತಿತ್ತು. ಅವುಗಳಲ್ಲಿ ಯಾವುದಾದರೂ ಇನ್ನೂ ಬದುಕಿರಬಹುದೇ? ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಸೈನ್ಯಕ್ಕೆ ಸೇರುವಾಗ ಕುದುರೆಗೆ 5 ವರ್ಷ ಎಂದುಕೊಳ್ಳಿ. 1914ರಲ್ಲಿ ಸೇರಿದ ಕುದುರೆಗೆ 1930ರಲ್ಲಿ 21 ವರ್ಷ. 1918ರಲ್ಲಿ ಸೇರಿದ್ದಕ್ಕೆ 17 ವರ್ಷ. ಚೆನ್ನಾಗಿ ಸಾಕಿದ ಕುದುರೆ 25ರಿಂದ 30 ವರ್ಷ ಬದುಕುತ್ತದೆ. ಅಂದರೆ ಕೆಲವಾದರೂ ಬದುಕಿರಲೇಬೇಕು. ಡೊರೊಥಿ ಬೀದಿಗಳಲ್ಲಿ, ಗಾಡಿ ನಿಲ್ದಾಣಗಳಲ್ಲಿ ಹುಡುಕತೊಡಗಿದರು.

ಬೀದಿಯಲ್ಲಿ ನಿಂತ ಯಾವುದೋ ಕುದುರೆ ಯುದ್ಧಕ್ಕೆ ಹೋಗಿದ್ದದ್ದು ಎಂದು ಹೇಗೆ ಗೊತ್ತಾಗಬೇಕು? ಒಂದು ಗುರುತು ಸುಲಭದ್ದು. ಬ್ರಿಟಿಷ್ ಸೈನ್ಯದ ಕುದುರೆಗಳಿಗೆ ಬಾಣದ ತಲೆಯಂಥ ಮುದ್ರೆಯನ್ನು ಕಾದ ಕಬ್ಬಿಣದಿಂದ ಹಾಕುತ್ತಿದ್ದರು. ಹುಣ್ಣು, ಕೊಳೆ, ಗಾಯದ ಕಲೆಗಳ ನಡುವೆಯೂ ಆ ಮುದ್ರೆ ಉಳಿದಿರುತ್ತಿತ್ತು. ಇನ್ನೊಂದು ಗುರುತು ವಯಸ್ಸು. ವಯಸ್ಸನ್ನು ಹೇಳುವುದು ಹಲ್ಲು.

ಕುದುರೆಯ ಹಲ್ಲು ನಮ್ಮ ಹಲ್ಲಿನಂತಲ್ಲ. ಹುಲ್ಲು ಜಗಿದು ಜಗಿದು ಅದು ಸವೆಯುತ್ತದೆ. ಸವೆದಷ್ಟೂ ವಸಡಿನೊಳಗಿಂದ ಹೊರಗೆ ಬರುತ್ತಲೇ ಇರುತ್ತದೆ. ಮೇಲ್ದವಡೆಯ ಮುಂದಿನ ಹಲ್ಲುಗಳಲ್ಲಿ ಮೂಲೆಯದ್ದರ ಮೇಲೆ ಸುಮಾರು 10 ವರ್ಷಕ್ಕೆ ವಸಡಿನ ಬಳಿ ಒಂದು ಗೆರೆ ಕಾಣಿಸಿಕೊಳ್ಳುತ್ತದೆ. 15ಕ್ಕೆ ಅದು ಹಲ್ಲಿನ ಅರ್ಧಕ್ಕೆ ಇಳಿದಿರುತ್ತದೆ, 20ಕ್ಕೆ ತುದಿ ಮುಟ್ಟಿರುತ್ತದೆ. ವಯಸ್ಸಾದಂತೆ ಮುಂಭಾಗದ ಹಲ್ಲುಗಳು ಮುಂದಕ್ಕೆ ಚಾಚುತ್ತವೆ. ಇದು ಕರಾರುವಾಕ್ಕಾದ ಲೆಕ್ಕವಲ್ಲ, ಅಂದಾಜು. ಆದರೂ 10 ವರ್ಷದ ಕುದುರೆಗೂ 20 ವರ್ಷದ ಕುದುರೆಗೂ ಇರುವ ವ್ಯತ್ಯಾಸ ಬಲ್ಲವರ ಕಣ್ಣಿಗೆ ಬೀಳುತ್ತದೆ. ನಮ್ಮ ಜಾನುವಾರು ಜಾತ್ರೆಗಳಲ್ಲಿ ರೈತರು ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುವುದನ್ನು ನೀವು ನೋಡಿರಬಹುದು. ಅದೂ ಇದೇ ಬಗೆಯ ವಿದ್ಯೆ.

ಮೊದಲ ಕುದುರೆ

ಕೈರೋದಲ್ಲಿ ಪ್ರಾಣಿದಯಾ ಸಂಘದ ಒಂದು ಚಿಕಿತ್ಸಾಲಯ ಇತ್ತು. ಅಲ್ಲಿಗೆ ಹೋದಾಗ ಡೊರೊಥಿ ಒಂದು ಮುದಿ ಕುದುರೆಯನ್ನು ಕಂಡರು. ಅದಕ್ಕೆ ಓಲ್ಡ್ ಬಿಲ್ ಎಂದು ಹೆಸರಾಯಿತು. ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದಾಗಿತ್ತು. ಅದು ಯುದ್ಧಕ್ಕೆ ಬಂದಿದ್ದ ಕುದುರೆ. ಡೊರೊಥಿ ಅದನ್ನು ಮಾಲೀಕನಿಂದ ಹಣ ಕೊಟ್ಟು ಕೊಂಡರು. ಅದಕ್ಕೆ ವಿಶ್ರಾಂತಿ, ಮೇವು, ನೀರು, ಆರೈಕೆ ಸಿಕ್ಕಿತು. ಅದರ ದೇಹ ಮತ್ತೆ ಚೇತರಿಸಿಕೊಳ್ಳುವ ಹಂತ ದಾಟಿತ್ತು. ಕೆಲವು ದಿನಗಳ ನಂತರ ಅದಕ್ಕೆ ದಯಾಮರಣ ಕೊಡಿಸಿದರು.

ಒಂದು ಓಲ್ಡ್ ಬಿಲ್ ಇದ್ದರೆ ನೂರು ಇರಬೇಕು. ಡೊರೊಥಿಯವರ ಹುಡುಕಾಟದಲ್ಲಿ ಅಂಥವು ನೂರಾರು ಸಿಕ್ಕವು. ಕುರುಡಾದವು, ಕುಂಟುವವು, ಮೈಯೆಲ್ಲ ಹುಣ್ಣಾದವು. ಎಲ್ಲವನ್ನೂ ಕೊಳ್ಳಲು ಒಬ್ಬರ ಹಣ ಸಾಲದು. 1931ರಲ್ಲಿ ಅವರು ಲಂಡನ್ನಿನ ಮಾರ್ನಿಂಗ್ ಪೋಸ್ಟ್ ಪತ್ರಿಕೆಗೆ ಒಂದು ಪತ್ರ ಬರೆದರು. ದೇಶಕ್ಕಾಗಿ ದುಡಿದ ಕುದುರೆಗಳು ಯಾವ ಸ್ಥಿತಿಯಲ್ಲಿವೆ ಎಂಬುದನ್ನು ಅದರಲ್ಲಿ ತಿಳಿಸಿ, ಅವುಗಳನ್ನು ಕೊಂಡು ನೋವಿನಿಂದ ಬಿಡಿಸಲು ನೆರವು ಕೇಳಿದರು. ಓದುಗರು ಮರುಗಿದರು. ಯುದ್ಧದಲ್ಲಿ ಕುದುರೆಯ ಬೆನ್ನ ಮೇಲೆ ಬದುಕಿ ಬಂದವರು ಇನ್ನೂ ಬಹಳ ಮಂದಿ ಇದ್ದರು. ಹಣ ಬರತೊಡಗಿತು. ಡೊರೊಥಿ ಒಂದು ಸಮಿತಿ ರಚಿಸಿ, ಮೂರು ವರ್ಷಗಳಲ್ಲಿ ಸುಮಾರು 5,000 ಕುದುರೆಗಳನ್ನು ಕೊಂಡರು.

ಡೊರೊಥಿ ಪಶುವೈದ್ಯೆ ಅಲ್ಲ. ಇದಕ್ಕಾಗಿ ಅವರಿಗೆ ಸಂಬಳವೂ ಇರಲಿಲ್ಲ. ಅವರು ಸ್ವಯಂಸೇವಕಿ. ವೈದ್ಯರು ಮಾಡಬೇಕಾದ್ದನ್ನು ವೈದ್ಯರಿಗೇ ಬಿಟ್ಟು, ಉಳಿದ ಹೊಣೆಯನ್ನು ತಾವು ಹೊತ್ತರು. ಹಣ ಕೂಡಿಸುವುದು, ಮಾಲೀಕರೊಡನೆ ವ್ಯವಹರಿಸುವುದು, ಬಂದ ಕುದುರೆಗೆ ಲಾಯ, ಮೇವು, ನೀರು ಸಿಕ್ಕಿತೇ ಎಂದು ನೋಡುವುದು ಇವೆಲ್ಲ ಅವರ ಪಾಲಿಗೆ ಬಂದವು. ಕೇಳಲು ಸಣ್ಣ ಕೆಲಸಗಳು. ಆದರೆ ಪ್ರಾಣಿಯನ್ನು ಕಾಪಾಡುವ ಯಾವ ಜಾಗಕ್ಕೆ ಹೋದರೂ ಅಲ್ಲಿನ ಆರೈಕೆ ಒಳ್ಳೆಯದೋ ಅಲ್ಲವೋ ಎಂಬುದು ತಿಳಿಯುವುದು ಇಂಥ ಕೆಲಸಗಳಲ್ಲೇ. ಹೊರಗೆ ದೊಡ್ಡ ಬೋರ್ಡು ಇದ್ದು ಒಳಗೆ ನೀರಿನ ತೊಟ್ಟಿ ಪಾಚಿ ಕಟ್ಟಿದ್ದರೆ ಬೋರ್ಡಿನಿಂದ ಏನು ಪ್ರಯೋಜನ?

ಹಸಿದ ಕುದುರೆಗೆ ಹೊಟ್ಟೆ ತುಂಬ ಹಾಕಬಹುದೇ?

ಎಲುಬಿನ ಗೂಡಾದ ಕುದುರೆ ನಿಮ್ಮ ಶಾಲೆಯ ಮುಂದೆ ಬಂದು ನಿಂತರೆ ನೀವು ಏನು ಮಾಡುತ್ತೀರಿ? ಕನಿಕರದಿಂದ ಒಂದು ಬಕೆಟ್ ತುಂಬ ಹುರುಳಿ ಬೇಯಿಸಿ ಇಡುತ್ತೀರಿ. ಹುರುಳಿಗೂ ಕುದುರೆಗೂ ಹಳೆಯ ಸಂಬಂಧ, ಇಂಗ್ಲಿಷಿನಲ್ಲಿ ಹುರುಳಿಯ ಹೆಸರಿನಲ್ಲೇ ಕುದುರೆ ಇದೆ. ಆದರೆ ಆ ಬಕೆಟ್ ಹುರುಳಿ ಆ ಕುದುರೆಯ ಪ್ರಾಣ ತೆಗೆಯಬಹುದು! ಆಶ್ಚರ್ಯವೇ? ಕಾರಣ ನೋಡೋಣ.

ಬಹಳ ದಿನ ಉಪವಾಸವಿದ್ದ ದೇಹ ತನ್ನ ಕೊಬ್ಬನ್ನೂ ಸ್ನಾಯುವನ್ನೂ ಕರಗಿಸಿಕೊಂಡು ಬದುಕಿರುತ್ತದೆ. ರಂಜಕ, ಮೆಗ್ನೀಷಿಯಂ, ಪೊಟ್ಯಾಸಿಯಂ ಮುಂತಾದ ಖನಿಜಗಳ ದಾಸ್ತಾನು ಬರಿದಾಗಿರುತ್ತದೆ. ಆಗ ಒಮ್ಮೆಲೇ ಪಿಷ್ಟ ತುಂಬಿದ ಕಾಳು ಕೊಟ್ಟರೆ ರಕ್ತದಲ್ಲಿ ಸಕ್ಕರೆ ಏರುತ್ತದೆ, ಇನ್ಸುಲಿನ್ ಹೆಚ್ಚಾಗಿ ಸುರಿಯುತ್ತದೆ. ಇನ್ಸುಲಿನ್ ಸಕ್ಕರೆಯನ್ನು ಜೀವಕೋಶಗಳ ಒಳಗೆ ತಳ್ಳುವಾಗ ಆ ಖನಿಜಗಳೂ ರಕ್ತದಿಂದ ಕೋಶಗಳಿಗೆ ನುಗ್ಗುತ್ತವೆ. ರಕ್ತದಲ್ಲಿ ಅವುಗಳ ಮಟ್ಟ ಕುಸಿಯುತ್ತದೆ. ಹೃದಯ ಬಡಿಯಲು, ಸ್ನಾಯು ಕುಗ್ಗಿ ಹಿಗ್ಗಲು ಅವು ಬೇಕೇ ಬೇಕು. ಕುದುರೆ ಕೆಲವೇ ದಿನಗಳಲ್ಲಿ ಕುಸಿದು ಸಾಯಬಹುದು. ಬಹಳ ದಿನ ಉಪವಾಸವಿದ್ದ ಮನುಷ್ಯರಿಗೂ ಇದೇ ಅಪಾಯ ಇದೆ.

ಇದರ ಜೊತೆಗೆ ಕುದುರೆಗೆ ತನ್ನದೇ ಆದ ಇನ್ನೊಂದು ತೊಂದರೆ ಇದೆ. ಹಸು ಮೆಲುಕು ಹಾಕುವ ಪ್ರಾಣಿ, ಅದರ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿವೆ. ಕುದುರೆಯ ಹೊಟ್ಟೆ ಒಂದೇ ಚೀಲ, ಅದೂ ದೇಹಕ್ಕೆ ಹೋಲಿಸಿದರೆ ಚಿಕ್ಕದು. ಹುಲ್ಲಿನ ನಾರು ಜೀರ್ಣವಾಗುವುದು ಹಿಂದೆ, ದೊಡ್ಡಕರುಳಿನಲ್ಲಿ, ಅಲ್ಲಿರುವ ಸೂಕ್ಷ್ಮಜೀವಿಗಳ ನೆರವಿನಿಂದ. ಮೇವನ್ನು ಹಠಾತ್ತನೆ ಬದಲಿಸಿದರೆ ಈ ಸೂಕ್ಷ್ಮಜೀವಿಗಳ ಸಮತೋಲ ತಪ್ಪಿ ಅನಿಲ ತುಂಬುತ್ತದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಒಳಗೆ ಹೋದದ್ದು ಹಿಂದಕ್ಕೆ ಬರುವಂತಿಲ್ಲ. ಹೊಟ್ಟೆಶೂಲೆಯಿಂದ ಒದ್ದಾಡುವ ಕುದುರೆಗೆ ಬೇಗ ಚಿಕಿತ್ಸೆ ಸಿಗದಿದ್ದರೆ ಬದುಕುವುದು ಕಷ್ಟ.

ಹಾಗಾದರೆ ಏನು ಕೊಡಬೇಕು? ಇಂದು ಕುದುರೆಗಳನ್ನು ರಕ್ಷಿಸುವ ಕೇಂದ್ರಗಳಲ್ಲಿ ಮೊದಲ ಕೆಲವು ದಿನ ಕಾಳು ಕೊಡುವುದಿಲ್ಲ. ಕುದುರೆ ಮಸಾಲೆ ಸೊಪ್ಪಿನ ಒಣಮೇವನ್ನು ಸ್ವಲ್ಪ ಸ್ವಲ್ಪವಾಗಿ, ಸುಮಾರು 4 ಗಂಟೆಗೊಮ್ಮೆ, ರಾತ್ರಿಯೂ ಬಿಡದೆ ಕೊಡುತ್ತಾರೆ. ಅದರಲ್ಲಿ ಪಿಷ್ಟ ಕಡಿಮೆ, ಪ್ರೋಟೀನು ಮತ್ತು ಖನಿಜ ಹೆಚ್ಚು. ದಿನ ಕಳೆದಂತೆ ಪ್ರಮಾಣ ಏರಿಸುತ್ತಾರೆ. ನಡುರಾತ್ರಿ ಎದ್ದು ಒಂದು ಹಿಡಿ ಮೇವು ಹಾಕಿ, ತಿಂದಿತೋ ಇಲ್ಲವೋ ಎಂದು ಪುಸ್ತಕದಲ್ಲಿ ಬರೆದಿಡುವವರು ಹಲವು ಕಡೆ ಸ್ವಯಂಸೇವಕರೇ.

ನೀರಿನ ಮಾತೂ ಬಂದುಹೋಗಲಿ. ದೊಡ್ಡ ಕುದುರೆಯೊಂದಕ್ಕೆ ದಿನಕ್ಕೆ 30ರಿಂದ 40 ಲೀಟರ್ ನೀರು ಬೇಕು. ಬಿಸಿಲಿನಲ್ಲಿ ದುಡಿದರೆ ಇನ್ನೂ ಹೆಚ್ಚು. ನಿಮ್ಮ ಮನೆಯ ಕೊಡದ ಲೆಕ್ಕದಲ್ಲಿ ಎಷ್ಟಾಯಿತು ಎಂದು ನೀವೇ ಲೆಕ್ಕ ಹಾಕಿ.

ಕಣ್ಣಿಗೆ ಕಾಣುವ ಗುರುತುಗಳು

ಕುದುರೆ ಮಾತಾಡುವುದಿಲ್ಲ. ಆದರೆ ಅದರ ದೇಹ ಬಹಳಷ್ಟು ಹೇಳುತ್ತದೆ. ಪಕ್ಕೆಲುಬು, ಬೆನ್ನುಮೂಳೆ, ಸೊಂಟದ ಮೂಳೆ ಎಷ್ಟು ಎದ್ದು ಕಾಣುತ್ತವೆ ಎಂದು ನೋಡಿ, ಕೈಯಿಂದ ಮುಟ್ಟಿ, 1ರಿಂದ 9ರವರೆಗೆ ಅಂಕ ಕೊಡುವ ಪದ್ಧತಿಯನ್ನು 1983ರಲ್ಲಿ ಅಮೆರಿಕದಲ್ಲಿ ರೂಪಿಸಿದರು. 1 ಎಂದರೆ ಬರೀ ಮೂಳೆ, 9 ಎಂದರೆ ಅತಿ ಕೊಬ್ಬು, 5 ಹದ. ಡೊರೊಥಿಯವರ ಕಾಲದಲ್ಲಿ ಈ ಅಂಕಪಟ್ಟಿ ಇರಲಿಲ್ಲ. ಆದರೆ ಅವರು ಕೊಂಡ ಕುದುರೆಗಳ ಫೋಟೋಗಳನ್ನು ನೋಡಿದರೆ 1 ಮತ್ತು 2ನೇ ಅಂಕದವೇ ಕಾಣುತ್ತವೆ.

ಇನ್ನೊಂದು ಪರೀಕ್ಷೆಯನ್ನು ನೀವು ಈಗಲೇ ನಿಮ್ಮ ಮೇಲೆ ಮಾಡಿ ನೋಡಬಹುದು. ಒಂದು ಬೆರಳಿನ ಉಗುರನ್ನು ಗಟ್ಟಿಯಾಗಿ ಒತ್ತಿ ಬಿಡಿ. ಉಗುರು ಬಿಳಿಚಿ, ಮತ್ತೆ ಕೆಂಪಗಾಗುತ್ತದೆ. ಒತ್ತಿದಾಗ ರಕ್ತ ಸರಿಯಿತು, ಬಿಟ್ಟಾಗ ಮರಳಿತು. ಆರೋಗ್ಯವಂತರಲ್ಲಿ ಇದು ಸುಮಾರು 2 ಸೆಕೆಂಡಿನೊಳಗೆ ಆಗುತ್ತದೆ. ಕುದುರೆಯಲ್ಲಿ ಪಶುವೈದ್ಯರು ವಸಡನ್ನು ಒತ್ತಿ ಇದನ್ನೇ ನೋಡುತ್ತಾರೆ. ತಡವಾದರೆ ರಕ್ತಪರಿಚಲನೆ ಕುಂದಿದೆ, ದೇಹದಲ್ಲಿ ನೀರು ಕಡಿಮೆಯಾಗಿರಬಹುದು ಎಂದು ಅರ್ಥ. ವಿಶ್ರಾಂತಿಯಲ್ಲಿರುವ ಕುದುರೆಯ ಹೃದಯ ನಿಮಿಷಕ್ಕೆ 28ರಿಂದ 44 ಬಾರಿ ಮಾತ್ರ ಬಡಿಯುತ್ತದೆ. ನಿಮ್ಮ ನಾಡಿ ಹಿಡಿದು ಎಣಿಸಿ ಹೋಲಿಸಿ. ಸುಮ್ಮನೆ ನಿಂತ ಕುದುರೆಯ ನಾಡಿ 60 ದಾಟಿದ್ದರೆ ಅದಕ್ಕೆ ಎಲ್ಲೋ ನೋವಿದೆ ಎಂದು ವೈದ್ಯರು ಅನುಮಾನಿಸುತ್ತಾರೆ.

ಕಾಲಿನ ವಿಷಯ ಇನ್ನೂ ಮುಖ್ಯ. ಗೊರಸು ನಮ್ಮ ಉಗುರಿನಂತೆ ಕೆರಾಟಿನ್ ಎಂಬ ವಸ್ತುವಿನಿಂದ ಆದದ್ದು, ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಲಾಳ ಹೊಡೆದ ಗೊರಸು ನೆಲಕ್ಕೆ ತಾಗಿ ಸವೆಯುವುದಿಲ್ಲ. ಆದ್ದರಿಂದ 6ರಿಂದ 8 ವಾರಕ್ಕೊಮ್ಮೆ ಲಾಳ ಬಿಚ್ಚಿ, ಬೆಳೆದ ಗೊರಸನ್ನು ಕತ್ತರಿಸಿ, ಮತ್ತೆ ಹೊಡೆಯಬೇಕು. ತಡ ಮಾಡಿದರೆ ಪಾದದ ಓರೆ ತಪ್ಪಿ ಕೀಲುಗಳಿಗೆ ಪೆಟ್ಟು. ಮೊಳೆ ತಪ್ಪು ಜಾಗಕ್ಕೆ ಇಳಿದರೆ ಜೀವಂತ ಭಾಗಕ್ಕೇ ಚುಚ್ಚುತ್ತದೆ. ಲಾಳ ಹೊಡೆಯುವವರ ಕೈಯಲ್ಲಿ ಕುದುರೆಯ ನಡಿಗೆ ಇದೆ ಎಂದರೆ ಅತಿಶಯವಲ್ಲ. ನಿಮ್ಮ ಊರಿನಲ್ಲಿ ಎತ್ತುಗಳಿಗೆ ಲಾಳ ಕಟ್ಟುವವರು ಇದ್ದರೆ ಹತ್ತಿರ ಕೂತು ನೋಡಿ.

ಹುಣ್ಣು ಆಗುವುದೂ ಹೀಗೆಯೇ, ಸಣ್ಣದರಿಂದ. ಗಟ್ಟಿಯಾದ ಪಟ್ಟಿ ಒಂದೇ ಜಾಗವನ್ನು ಗಂಟೆಗಟ್ಟಲೆ ಒತ್ತಿದರೆ ಅಲ್ಲಿನ ಕಿರಿಯ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ರಕ್ತ ಸಿಗದ ಚರ್ಮ ಸಾಯುತ್ತದೆ. ಅದರ ಮೇಲೆ ಮರುದಿನ ಮತ್ತೆ ಅದೇ ಪಟ್ಟಿ. ನೊಗದ ಭಾರಕ್ಕೆ ಎತ್ತಿನ ಹೆಗಲು ಬಾವು ಬರುವುದನ್ನು ಕಂಡ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಟ್ಟಿಯ ಕೆಳಗೆ ಮೆತ್ತನೆಯ ಬಟ್ಟೆ, ಬೆವರು ಕಟ್ಟದಂತೆ ತೊಳೆಯುವುದು, ಅಳತೆಗೆ ಸರಿಯಾಗಿ ಕಟ್ಟುವುದು ಇಷ್ಟರಿಂದಲೇ ಬಹಳಷ್ಟು ಹುಣ್ಣು ತಪ್ಪುತ್ತದೆ. ಖರ್ಚು ಕಡಿಮೆ, ಗಮನ ಹೆಚ್ಚು ಬೇಕು.

ಕಷ್ಟದ ನಿರ್ಧಾರ

ಈಗ ಓಲ್ಡ್ ಬಿಲ್ ವಿಷಯಕ್ಕೆ ಮರಳೋಣ. ಕಾಪಾಡಲು ಕೊಂಡ ಕುದುರೆಯನ್ನು ಏಕೆ ಕೊಲ್ಲಿಸಬೇಕು? ಈ ಕತೆಯನ್ನು ತರಗತಿಯಲ್ಲಿ ಹೇಳಿದರೆ ಈ ಪ್ರಶ್ನೆ ಬಾರದೇ ಇರುವುದಿಲ್ಲ. ಬರಬೇಕಾದ್ದೇ. ಡೊರೊಥಿ ಕೊಂಡ ಸುಮಾರು 5,000 ಕುದುರೆಗಳಲ್ಲಿ ಬಹುಪಾಲಿಗೆ ಅವರು ದಯಾಮರಣವನ್ನೇ ಕೊಡಿಸಿದರು.

ಆ ಕುದುರೆಗಳಿಗೆ 20ರ ಆಸುಪಾಸಿನ ವಯಸ್ಸು. ಕೀಲುಗಳು ಸವೆದು ಗಂಟುಕಟ್ಟಿದ್ದವು. ಹಲ್ಲು ಸವೆದ ಕುದುರೆಗೆ ಮೇವು ಕೊಟ್ಟರೂ ಅಗಿಯಲಾಗದು. ಇನ್ನೊಂದು ಸಂಗತಿ ಇದೆ. ಕುದುರೆ ನಿಂತೇ ತೂಕಡಿಸಬಲ್ಲದು. ಅದರ ಕಾಲಿನ ಸ್ನಾಯುರಜ್ಜುಗಳು ಕೀಲನ್ನು ಚಿಲಕ ಹಾಕಿದಂತೆ ಹಿಡಿದಿಡುತ್ತವೆ. ಆದರೆ ಗಾಢ ನಿದ್ರೆಗೆ ಅದು ಸ್ವಲ್ಪ ಹೊತ್ತಾದರೂ ಮಲಗಲೇಬೇಕು. ಕಾಲು ನೋಯುವ ಕುದುರೆ ಮಲಗಲು ಹೆದರುತ್ತದೆ, ಏಕೆಂದರೆ ಮಲಗಿದರೆ ಏಳಲಾಗದು. ಹೀಗೆ ಅದಕ್ಕೆ ನಿದ್ರೆಯೂ ಇಲ್ಲ. ಅಂಥ ದೇಹಕ್ಕೆ ಔಷಧಿ ಕೊಟ್ಟು ಇನ್ನೊಂದು ವರ್ಷ ಎಳೆದರೆ ಅದು ಕುದುರೆಗಾಗಿಯೋ, ನಮ್ಮ ಸಮಾಧಾನಕ್ಕಾಗಿಯೋ? ಎಷ್ಟು ಕುದುರೆ ಉಳಿಸಿದೆವು ಎಂಬ ಸಂಖ್ಯೆಗಿಂತ ಆ ಕುದುರೆ ಹೇಗಿದೆ ಎಂಬುದು ಮುಖ್ಯ ಎಂದು ಡೊರೊಥಿ ತಿಳಿದಿದ್ದರು. ಹಾಗೆಂದು ಕೊಂಡ ಕೂಡಲೇ ಕೊಲ್ಲಿಸಲಿಲ್ಲ. ಲಾಯದಲ್ಲಿ ದಪ್ಪನಾಗಿ ಹುಲ್ಲು ಹಾಸಿ, ಮೇವು ನೀರು ಕೊಟ್ಟು, ಕೆಲವು ದಿನ ಯಾವ ಗಾಡಿಯೂ ಇಲ್ಲದೆ ಇರಲು ಬಿಟ್ಟರು. ಆಮೇಲೆ ವೈದ್ಯರು ನೋವಾಗದಂತೆ ಮುಗಿಸಿದರು.

ಇದನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಮುದಿ ಹಸುವನ್ನು ಕಡೆಯತನಕ ಸಾಕುವ ಮನೆಯಲ್ಲಿ ಬೆಳೆದ ಮಕ್ಕಳಿಗೆ ಇದು ಕಠಿಣವಾಗಿ ತೋರಬಹುದು. ಆದರೆ ಆ ಕುದುರೆಗಳ ಹಲ್ಲು, ಕೀಲು, ಗೊರಸುಗಳನ್ನು ನೆನೆದಾಗ ಡೊರೊಥಿ ಮಾಡಿದ್ದು ಸರಿ ಎಂದೇ ನನಗೆ ಅನಿಸುತ್ತದೆ. ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ.

ಕೊಳ್ಳುವುದಷ್ಟೇ ಸಾಕೇ?

ಇಲ್ಲಿಗೇ ನಿಂತಿದ್ದರೆ ಡೊರೊಥಿಯವರ ಹೆಸರು ಇಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಯುದ್ಧದ ಕುದುರೆಗಳು ಮುಗಿಯುತ್ತ ಬಂದಂತೆ ಅವರಿಗೆ ಒಂದು ವಿಷಯ ಸ್ಪಷ್ಟವಾಯಿತು. ಗಾಡಿಯವನು ಮುದಿ ಕುದುರೆ ಮಾರಿದ ಹಣದಲ್ಲಿ ಇನ್ನೊಂದು ಪ್ರಾಣಿ ಕೊಳ್ಳುತ್ತಾನೆ. ಆ ಹೊಸ ಕುದುರೆಗೂ ಅದೇ ಬಿಸಿಲು, ಅದೇ ಪಟ್ಟಿ, ಅದೇ ಹುಣ್ಣು. ಮೊದಲೇ ಹೇಳಿದೆನಲ್ಲ, ಮಾಲೀಕರು ಕೆಟ್ಟವರಲ್ಲ, ಬಡವರು. ವೈದ್ಯರಿಗೆ ಕೊಡಲು ಹಣವಿಲ್ಲ. ಬೈದರೆ, ದಂಡ ಹಾಕಿದರೆ ಅವರು ಕುದುರೆಯನ್ನು ಬಚ್ಚಿಡುತ್ತಾರೆಯೇ ಹೊರತು ಅದರ ಹುಣ್ಣು ಮಾಯುವುದಿಲ್ಲ.

1934ರಲ್ಲಿ ಡೊರೊಥಿ ಕೈರೋದಲ್ಲಿ ಹಳೆಯ ಯುದ್ಧಕುದುರೆಗಳ ನೆನಪಿಗಾಗಿ ಒಂದು ಆಸ್ಪತ್ರೆ ತೆರೆದರು. ನಗರದ ಯಾವ ದುಡಿಯುವ ಕುದುರೆ, ಕತ್ತೆ, ಹೇಸರಗತ್ತೆ ಬಂದರೂ ಅಲ್ಲಿ ಉಚಿತ ಚಿಕಿತ್ಸೆ. ಹುಣ್ಣು ದೊಡ್ಡದಾಗುವ ಮೊದಲೇ, ಕುಂಟು ಹೆಚ್ಚುವ ಮೊದಲೇ ಮಾಲೀಕರು ತಾವಾಗಿಯೇ ಕರೆತರಲಿ ಎಂಬುದು ಉದ್ದೇಶ. ಮೊದಲಿನ ಕೆಲಸ ಸಾಯುವ ಕುದುರೆಗಳಿಗಾಗಿ ಆಗಿತ್ತು, ಇದು ಬದುಕಿ ದುಡಿಯುವ ಪ್ರಾಣಿಗಳಿಗಾಗಿ. ನನ್ನ ದೃಷ್ಟಿಯಲ್ಲಿ ಡೊರೊಥಿಯವರ ದೊಡ್ಡ ಸಾಧನೆ ಇದೇ.

ಡೊರೊಥಿ ಬ್ರೂಕ್ 1955ರಲ್ಲಿ ಕೈರೋದಲ್ಲೇ ತೀರಿಕೊಂಡರು. ಅವರನ್ನು ಅಲ್ಲೇ ಸಮಾಧಿ ಮಾಡಿದರು. ಅವರ ದಿನಚರಿಯನ್ನು ಸ್ನೇಹಿತರು 1960ರಲ್ಲಿ ಪುಸ್ತಕವಾಗಿ ಹೊರತಂದರು. ಅವರು ಹೋದ ಮೇಲೆ ಪ್ರಾಣಿಗಳ ಆರೈಕೆಯ ಬಗ್ಗೆ ವಿಜ್ಞಾನಿಗಳೂ ಯೋಚಿಸತೊಡಗಿದರು. 1965ರಲ್ಲಿ ಬ್ರಿಟನ್ನಿನ ಸಮಿತಿಯೊಂದು ಸಾಕುಪ್ರಾಣಿಗಳ ಸ್ಥಿತಿಯನ್ನು ಪರಿಶೀಲಿಸಿ ವರದಿ ಕೊಟ್ಟಿತು. ಅದರಿಂದ ಬೆಳೆದು ಬಂದದ್ದು ಐದು ಸ್ವಾತಂತ್ರ್ಯಗಳು ಎಂಬ ಕಲ್ಪನೆ. ಹಸಿವು ಬಾಯಾರಿಕೆ ಇರಬಾರದು, ಇರುವ ಜಾಗ ಹಿತವಾಗಿರಬೇಕು, ನೋವು ರೋಗಗಳಿಗೆ ಚಿಕಿತ್ಸೆ ಸಿಗಬೇಕು, ಭಯ ಇರಬಾರದು, ತನ್ನ ಜಾತಿಗೆ ಸಹಜವಾದ ರೀತಿಯಲ್ಲಿ ನಡೆದುಕೊಳ್ಳಲು ಅವಕಾಶ ಇರಬೇಕು. ಕೊನೆಯದು ಸುಲಭವಾಗಿ ಮರೆತುಹೋಗುತ್ತದೆ. ಕುದುರೆ ಹಿಂಡಿನಲ್ಲಿ ಬದುಕುವ ಪ್ರಾಣಿ. ಎಷ್ಟೇ ಮೇವು ಹಾಕಿದರೂ ಒಂಟಿಯಾಗಿ ಕಟ್ಟಿದ ಕುದುರೆ ಮಂಕಾಗುತ್ತದೆ.

ಕೈರೋದಲ್ಲಿ ಆರಂಭವಾದ ಸಂಸ್ಥೆ ಇಂದು ಬ್ರೂಕ್ ಎಂಬ ಹೆಸರಿನಲ್ಲಿ ಹಲವು ದೇಶಗಳಲ್ಲಿ ಕೆಲಸ ಮಾಡುತ್ತಿದೆ. 1990ರ ದಶಕದಿಂದ ಭಾರತದಲ್ಲೂ ಇದೆ. ಉತ್ತರ ಭಾರತದ ಇಟ್ಟಿಗೆ ಗೂಡುಗಳಲ್ಲಿ ಇಟ್ಟಿಗೆ ಹೊರುವ ಕುದುರೆ, ಕತ್ತೆ, ಹೇಸರಗತ್ತೆಗಳ ಮಾಲೀಕರ ನಡುವೆ ಅದು ಕೆಲಸ ಮಾಡಿದೆ. ಅಲ್ಲಿ ಹಳ್ಳಿಯ ಮಾಲೀಕರೇ ಗುಂಪು ಕಟ್ಟಿಕೊಳ್ಳುತ್ತಾರೆ. ಒಂದು ದಿನ ಎಲ್ಲರೂ ಸೇರಿ ಮನೆಯಿಂದ ಮನೆಗೆ ಹೋಗಿ ಪ್ರತಿಯೊಂದು ಪ್ರಾಣಿಯ ಕಣ್ಣು, ಬೆನ್ನು, ಗೊರಸು, ಮೈಕಟ್ಟು ನೋಡುತ್ತಾರೆ. ಓದು ಬರಹ ಬಾರದವರಿಗೂ ತಿಳಿಯುವಂತೆ ದೊಡ್ಡ ಹಾಳೆಯ ಮೇಲೆ ಬಣ್ಣದ ಚುಕ್ಕೆ ಇಡುತ್ತಾರೆ. ಚೆನ್ನಾಗಿದ್ದರೆ ಹಸಿರು, ಮಧ್ಯಮವಾದರೆ ಹಳದಿ, ಕೆಟ್ಟಿದ್ದರೆ ಕೆಂಪು. ಕೆಲವು ವಾರಗಳ ನಂತರ ಅದೇ ಹಾಳೆಯನ್ನು ಹಿಡಿದು ಮತ್ತೆ ಸುತ್ತುತ್ತಾರೆ, ಯಾರ ಮನೆಯ ಕೆಂಪು ಚುಕ್ಕೆ ಹಳದಿಯಾಯಿತು ಎಂದು ನೋಡಲು.